ಆಲ್ಬುಮಿನ್ ದ್ರಾವಣ ಗಾಢವಾದಾಗ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: ಗೋವಿನ ಸೀರಮ್ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ದ್ರಾವಣದ ಅಭಿಸರಣ ಒತ್ತಡವನ್ನು, ಅಂದರೆ ಪ್ರೋಟೀನನ್ನು ತಡೆದು ನೀರು, ಉಪ್ಪನ್ನು ಬಿಡುವ ಪೊರೆಯ ಮೂಲಕ ನೀರು ಒಳನುಗ್ಗುವ ಒತ್ತಡವನ್ನು, ಪಿಎಚ್ 7.4ರಲ್ಲಿ, 0.15 ಮೋಲಾರ್ ಉಪ್ಪಿನೊಂದಿಗೆ ಅಳೆಯುತ್ತಿದ್ದೇನೆ. ಲೀಟರಿಗೆ 10 ಗ್ರಾಂ ಇದ್ದಾಗ ವಾಂಟ್ ಹಾಫ್ ಸೂತ್ರಕ್ಕೆ (ಒತ್ತಡ ಸಾರತೆಗೆ ನೇರ ಅನುಪಾತದಲ್ಲಿರುತ್ತದೆ ಎನ್ನುವ ಸೂತ್ರ) ಹೊಂದುವ ಒತ್ತಡ, 400 ಗ್ರಾಂಗೆ ಏರಿಸಿದಾಗ ಸೂತ್ರಕ್ಕಿಂತ ಹಲವು ಪಟ್ಟು ಹೆಚ್ಚಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಪ್ರಯೋಗಾಲಯ 35 ಡಿಗ್ರಿ ಮುಟ್ಟುತ್ತದೆ, ಸೆಕೆಯೇ ಕಾರಣವೇ? ಆ ಸೂತ್ರಕ್ಕೆ ಸಾರತೆಯ ವರ್ಗ, ಘನ ಮುಂತಾದ ಪದಗಳನ್ನು ಕೂಡಿಸುವ ವಿರಿಯಲ್ ಶ್ರೇಣಿಗೆ ಇನ್ನಷ್ಟು ಪದಗಳನ್ನು ಸೇರಿಸಿದರೆ ಸಾಕೇ?
– ಜೀವರಸಾಯನಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದಾವಣಗೆರೆಯ ಬಿಸಿಲಿಗೆ ಬೇರೆ ಅಪವಾದಗಳಿರಬಹುದು, ಇದು ಮಾತ್ರ ಅದಕ್ಕೆ ತಟ್ಟದು. ಒತ್ತಡವು ಕೆಲ್ವಿನ್ ತಾಪಮಾನಕ್ಕೆ ಅನುಪಾತದಲ್ಲಿರುವುದರಿಂದ 25 ಡಿಗ್ರಿಯಿಂದ 35ಕ್ಕೆ ಏರಿದರೆ ಹೆಚ್ಚುವುದು ಶೇ 3ರಷ್ಟು ಮಾತ್ರ. ಮೋಲಾರ್ ರಾಶಿಯನ್ನು ಮೋಲಿಗೆ ಸುಮಾರು 66,500 ಗ್ರಾಂ ಎಂದಿಟ್ಟುಕೊಂಡರೆ, 400 ಗ್ರಾಂ ದ್ರಾವಣಕ್ಕೆ ಸೂತ್ರ ಕೊಡುವ 14.9 ಕಿಲೋಪಾಸ್ಕಲ್ 15.4 ಆಗುತ್ತದೆ, ಅಷ್ಟೆ.

ಅಸಲು ಕಾರಣಗಳು ಎರಡು, ಅವನ್ನು ಬೇರೆಬೇರೆಯಾಗಿಯೇ ಲೆಕ್ಕ ಹಾಕಬೇಕು. ಮೊದಲನೆಯದು ಅಣುಗಳ ಗಾತ್ರ. ಪ್ರೋಟೀನಿನ ಪ್ರತಿ ಗ್ರಾಂ ಸುಮಾರು 0.73 ಮಿಲಿಲೀಟರ್ ಜಾಗ ಹಿಡಿಯುವುದರಿಂದ ನಿಮ್ಮ ದ್ರಾವಣದ ಶೇ 29ರಷ್ಟು ಭಾಗ ಪ್ರೋಟೀನೇ ಆಗಿದ್ದು, ಒಂದು ಅಣು ಇರುವಲ್ಲಿ ಇನ್ನೊಂದು ಇರಲಾಗದು. ಗಟ್ಟಿ ಗೋಲಗಳಿಗೆಂದು 1969ರಲ್ಲಿ ಬಂದ ಕಾರ್ನಹಾನ್–ಸ್ಟಾರ್ಲಿಂಗ್ ಸಮೀಕರಣದ ಪ್ರಕಾರ, ಈ ಪಾಲು 0.3 ಆದಾಗ ಒತ್ತಡವು ವಾಂಟ್ ಹಾಫ್ ಸೂತ್ರ ಕೊಡುವ ಆದರ್ಶ ಒತ್ತಡದ ಸುಮಾರು 4 ಪಟ್ಟಾಗುತ್ತದೆ. ಅಣುವಿಗೆ ಅಂಟಿದ ನೀರನ್ನೂ ಸೇರಿಸಿ 0.4 ಎಂದರೆ ಸುಮಾರು 7 ಪಟ್ಟು. ಉತ್ತರವನ್ನು ಇಷ್ಟೊಂದು ಬದಲಿಸುವ ಈ ಪಾಲನ್ನು ಯಾವ ಆಧಾರದ ಮೇಲೆ ಆರಿಸಿದಿರಿ ಎಂಬುದನ್ನು ವರದಿಯಲ್ಲಿ ಬರೆಯದೆ ಬಿಡಬೇಡಿ.

ಎರಡನೆಯದು ವಿದ್ಯುದಾವೇಶ, ಅಂದರೆ ಡಾನನ್ ಪರಿಣಾಮ. ಪಿಎಚ್ 7.4ರಲ್ಲಿ ಆಲ್ಬುಮಿನ್ ಋಣಾವೇಶದಲ್ಲಿರುತ್ತದೆ. ಲೆಕ್ಕಕ್ಕೆ ಅಣುವಿಗೆ 18 ಋಣಾವೇಶ ಎಂದುಕೊಳ್ಳೋಣ. ಅದನ್ನು ಸರಿದೂಗಿಸುವ ಸೋಡಿಯಂ ಅಯಾನುಗಳಿಗೆ ಪೊರೆ ಅಡ್ಡಿಯಲ್ಲದಿದ್ದರೂ, ಪ್ರೋಟೀನಿನ ಆವೇಶವನ್ನು ಬಿಟ್ಟು ಹೋಗಲಾರದೆ ಅದರ ಬದಿಯಲ್ಲೇ ಉಳಿಯುತ್ತವೆ. ಅಯಾನುಗಳಿರುವುದು ನೀರಿನಲ್ಲಾದ್ದರಿಂದ ಲೀಟರ್ ದ್ರಾವಣಕ್ಕಲ್ಲ, ಲೀಟರ್ ನೀರಿಗೆ ಲೆಕ್ಕ ಹಾಕಬೇಕು: ಆಗ ಪ್ರೋಟೀನ್ 8.5 ಮಿಲಿಮೋಲ್, ಪೊರೆಯ ಆಚೆ ಬದಿಗಿಂತ ಒಟ್ಟಾರೆ ಹೆಚ್ಚಿರುವ ಅಯಾನುಗಳು ಸುಮಾರು 37 ಮಿಲಿಮೋಲ್. ಒತ್ತಡ ಹುಟ್ಟಿಸುವುದರಲ್ಲಿ ಪ್ರೋಟೀನಿಗಿಂತ ಅದರ ಹಿಂಬಾಲಕರದೇ ಮೇಲುಗೈ! ಆಲ್ಬುಮಿನ್ ಕ್ಲೋರೈಡನ್ನೂ ಹಿಡಿದುಕೊಳ್ಳುವುದರಿಂದ ನಿಜವಾದ ಆವೇಶ ಇನ್ನೂ ಹೆಚ್ಚಿರಬಹುದು. 1940ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಜಾರ್ಜ್ ಸ್ಕ್ಯಾಚರ್ಡ್ ಈ ಬಂಧನವನ್ನು ಅಭಿಸರಣ ಮಾಪನಗಳಿಂದಲೇ ಅಧ್ಯಯನ ಮಾಡಿದ್ದರು.

ವಿರಿಯಲ್ ಪದಗಳನ್ನು ಸೇರಿಸುತ್ತಾ ಹೋದರೆ ವಕ್ರರೇಖೆ ನಿಮ್ಮ ಬಿಂದುಗಳ ಮೇಲೆ ಹಾಯುವುದೇನೋ ನಿಜ. ರಕ್ತದ ಪ್ಲಾಸ್ಮಾಕ್ಕೆ ಬಳಸುವ ಲ್ಯಾಂಡಿಸ್–ಪಾಪೆನ್‌ಹೈಮರ್ ಸೂತ್ರವೂ ಮೂರು ಪದಗಳದ್ದೇ: ಡೆಸಿಲೀಟರಿಗೆ 7 ಗ್ರಾಂ ಇದ್ದಾಗ ಅದರ ಮೊದಲ ಪದ 14.7, ಮೂರೂ ಸೇರಿ 25.6 ಮಿಲಿಮೀಟರ್ ಪಾದರಸ. ಆದರೆ ಹಾಗೆ ಹೊಂದಿಸಿದ ಗುಣಾಂಕಗಳಲ್ಲಿ ಗಾತ್ರ ಮತ್ತು ಆವೇಶ ಕಲಸಿಹೋಗಿ, ಉಪ್ಪು ಅಥವಾ ಪಿಎಚ್ ಬದಲಾದ ಕೂಡಲೇ ಅವು ನಿರುಪಯುಕ್ತವಾಗುತ್ತವೆ.

ಆದ್ದರಿಂದ ಪಿಎಚ್ 7.4ರಲ್ಲೇ ಇಟ್ಟು ಉಪ್ಪನ್ನು 1 ಮೋಲಾರ್‌ಗೆ ಏರಿಸಿ ಮತ್ತೊಮ್ಮೆ ಅಳೆಯಿರಿ. ಆಗ ಆ 37 ಮಿಲಿಮೋಲ್ ಸುಮಾರು 6ಕ್ಕೆ ಇಳಿಯುವುದರಿಂದ ಉಳಿದ ಹೆಚ್ಚಳವನ್ನು ಬಹುಪಾಲು ಗಾತ್ರಕ್ಕೇ ಸೇರಿಸಬಹುದು. ಆವೇಶ ಶೂನ್ಯವಾಗುವ ಪಿಎಚ್ 4.7ರ ಆಸುಪಾಸಿಗೆ ಹೋಗುವುದು ಸುಲಭದ ದಾರಿಯಂತೆ ಕಂಡರೂ, ಅಲ್ಲಿ ಅಣುಗಳ ನಡುವಿನ ಆಕರ್ಷಣೆ ಮೇಲೆದ್ದು ಒತ್ತಡವನ್ನು ತಗ್ಗಿಸಿ ನಿಮ್ಮನ್ನು ದಾರಿ ತಪ್ಪಿಸೀತು. ಡಾನನ್ ಲೆಕ್ಕದಲ್ಲಿ ಹಾಕಬೇಕಾದ ಉಪ್ಪಿನ ಸಾರತೆಯೂ ನೀವು ಫ್ಲಾಸ್ಕಿಗೆ ತೂಗಿ ಹಾಕಿದ್ದಲ್ಲ, ಸಮತೋಲ ಬಂದ ಮೇಲೆ ಪೊರೆಯ ಆಚೆ ಬದಿಯ ದ್ರಾವಣದಲ್ಲಿ ಅಳೆದದ್ದು.