ಮೂರು ತಿಂಗಳ ಸಂಬಳ, ಮತ್ತಾಯನ ಹದಿನೆಂಟನೆಯ ಅಧ್ಯಾಯ

ಮಾಮ ಎಂದು ಕರೆದು ಬರೆದಿದ್ದೀಯ. ನಿನ್ನ ಅಮ್ಮನೂ ನಾನೂ ಉಡುಪಿಯಲ್ಲಿ ಒಂದೇ ಸಂಡೇ ಸ್ಕೂಲಿನ ಬೆಂಚಿನಲ್ಲಿ ಕುಳಿತವರು, ಆದ್ದರಿಂದ ಅಳಿಯನಿಗೆ ಹೇಳುವ ಸಲಿಗೆಯಲ್ಲೇ ಹೇಳುತ್ತೇನೆ. ದುಬೈಯಲ್ಲಿ ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯ ಜಾಗ, ಎಲ್ಲಿ ಅಗ್ಗ, ಊರಿಗೆ ಹಣ ಹೇಗೆ ಕಳುಹಿಸುವುದು, ಡ್ರೈವಿಂಗ್ ಲೈಸೆನ್ಸ್ ಈಗಲೇ ಮಾಡಿಸಬೇಕೇ, ಇಲ್ಲಿಯವರು ಶುಕ್ರವಾರ ಆರಾಧನೆಗೆ ಹೋಗುವುದೇಕೆ ಎಂದೆಲ್ಲ ಕೇಳಿದ್ದೀಯ. ಕೊನೆಗೆ, ಮರೆತದ್ದನ್ನು ಸೇರಿಸಿದವನಂತೆ, ಇನ್ನೊಂದು ಮಾತು: ವೀಸಾಕ್ಕೆಂದು ನಿನ್ನಿಂದ ಮೂರು ತಿಂಗಳ ಸಂಬಳದಷ್ಟು ಹಣ ಪಡೆದ ಸೂಪರ್‌ವೈಸರ್ ನಮ್ಮೂರಿನವನೇ. ವಾರವಾರವೂ ನಿನ್ನ ಹಿಂದಿನ ಸಾಲಿನಲ್ಲಿ ಕುಳಿತು ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುತ್ತಾನೆ. ಅವನನ್ನು ಕ್ಷಮಿಸಲೇಬೇಕೇ ಎಂಬುದು ನಿನ್ನ ಪ್ರಶ್ನೆ.

ಮೊದಲಿನವನ್ನು ಬೇಗ ಮುಗಿಸುತ್ತೇನೆ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಆದರೆ ಬೆಳಗಿನ ಟ್ರಾಫಿಕ್ಕಿನಲ್ಲಿ ನಿದ್ದೆ ಹೋಗುತ್ತದೆ. ಹಣವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಕಳುಹಿಸು, ಲೆಕ್ಕಪತ್ರವಿಲ್ಲದೆ ಹಣ ಸಾಗಿಸುವ ಹುಂಡಿಯವರ ಹತ್ತಿರ ಸುಳಿಯಬೇಡ. ಲೈಸೆನ್ಸ್ ಪ್ರೊಬೇಷನ್ ಮುಗಿದ ಮೇಲೆ ಆಗಲಿ. ಶುಕ್ರವಾರದ ಕಥೆ ಇಷ್ಟೇ: 2021ರ ಕೊನೆಯವರೆಗೆ ಇಲ್ಲಿ ವಾರದ ರಜೆ ಇದ್ದದ್ದು ಶುಕ್ರವಾರ; ಭಾನುವಾರ ಎಲ್ಲರಿಗೂ ಕೆಲಸ. 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆಯಾಯಿತು. ನಮ್ಮಂಥ ಹಳಬರಿಗೆ ಭಾನುವಾರ ಬೆಳಿಗ್ಗೆ ಊದ್ ಮೇಥಾದ ದೇವಾಲಯದಲ್ಲಿ ಕುಳಿತರೆ ಕೆಲಸಕ್ಕೆ ಚಕ್ಕರ್ ಹೊಡೆದು ಬಂದಂತೆ ಅನಿಸುತ್ತದೆ.

ಇನ್ನು ನಿನ್ನ ನಿಜವಾದ ಪ್ರಶ್ನೆ. ಶಿಷ್ಯನಾದ ಪೇತ್ರನು ಎಷ್ಟು ಸಲ ಕ್ಷಮಿಸಬೇಕು ಎಂದು ಯೇಸುವನ್ನು ಕೇಳುವುದು, ಅದಕ್ಕೆ ಉತ್ತರವಾಗಿ ಹತ್ತು ಸಾವಿರ ತಲಾಂತು, ಅಂದರೆ ತೀರಿಸಲಾಗದಷ್ಟು ದೊಡ್ಡ ಸಾಲ, ಮನ್ನಾ ಆದ ಸೇವಕನ ಕಥೆ ಬರುವುದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ. ಆ ಸೇವಕ ಹೊರಗೆ ಬಂದವನೇ ನೂರು ದೀನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದ. ಪ್ರಸಂಗ ಮಾಡುವವರು ಈ ನೂರು ದೀನಾರಿಯನ್ನು ಚಿಲ್ಲರೆ ಕಾಸೆಂಬಂತೆ ಹೇಳಿ ಮುಂದೆ ಹೋಗುತ್ತಾರೆ. ಅದು ಚಿಲ್ಲರೆಯಲ್ಲ. ಒಂದು ದೀನಾರಿ ಆಗ ಕೂಲಿಯಾಳಿನ ಒಂದು ದಿನದ ಸಂಬಳ. ದ್ರಾಕ್ಷಿತೋಟದ ಆಳುಗಳ ಕಥೆಯಲ್ಲಿ ಅದೇ ದರ. ಹಾಗಾದರೆ ನೂರು ದೀನಾರಿ ಎಂದರೆ ಹೆಚ್ಚುಕಡಿಮೆ ನಿನ್ನಿಂದ ಹೋದ ಮೊತ್ತವೇ. ಯೇಸು ಆ ಸಾಲವನ್ನು ಸಣ್ಣದೆಂದು ಹೇಳಲಿಲ್ಲ. ಆದ್ದರಿಂದ, ಹೋದದ್ದು ಹೋಯಿತು, ಅದೇನು ಮಹಾ ಎಂದು ಯಾರಾದರೂ ನಿನ್ನ ಬೆನ್ನು ತಟ್ಟಿದರೆ ಅದನ್ನು ಸುವಾರ್ತೆ ಎಂದು ತಿಳಿಯಬೇಡ. ನಷ್ಟವನ್ನು ಸರಿಯಾಗಿ ಎಣಿಸಿದವನು ಮಾತ್ರ ಅದನ್ನು ಬಿಟ್ಟುಕೊಡಬಲ್ಲ.

ಅದೇ ಅಧ್ಯಾಯದಲ್ಲಿ, ಪೇತ್ರನ ಪ್ರಶ್ನೆಗಿಂತ ಮೊದಲು, ದಾರಿಯನ್ನೂ ಹೇಳಿದೆ. ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ನಮ್ಮವರು ಈ ಮೂರನ್ನೂ ಹಾರಿಸಿ ನೇರವಾಗಿ ಎಪ್ಪತ್ತೇಳು ಸಲ ಕ್ಷಮಿಸು ಎಂದು ಯೇಸು ಪೇತ್ರನಿಗೆ ಹೇಳಿದ ಮಾತಿಗೆ ಬರುತ್ತಾರೆ. ನೆನಪಿಡು, ಈ ದೇಶದ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತೆಯೂ ಇಲ್ಲ. ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟರೆ ನಿನ್ನ ಕ್ರೈಸ್ತತ್ವ ಕರಗುವುದಿಲ್ಲ. ಸಹೋದರರು ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ಅನ್ಯಾಯ ಸಹಿಸುವುದು ಮೇಲು ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ಯಾರೋ ಹಿರಿಯರು ಖಂಡಿತ ತೋರಿಸುತ್ತಾರೆ. ಆ ವಾಕ್ಯವನ್ನು ಅನ್ಯಾಯಕ್ಕೊಳಗಾದವನು ತನಗೆ ತಾನೇ ಹೇಳಿಕೊಳ್ಳಬಹುದು. ಹಣ ತಿಂದವನೋ ಅವನ ನೆಂಟರೋ ಅದನ್ನು ಓದಿ ಹೇಳಿದರೆ ನನಗೆ ಮೈ ಉರಿಯುತ್ತದೆ.

ನಾನು 1994ರಲ್ಲಿ ಶಾರ್ಜಾಕ್ಕೆ ಬಂದಾಗ ಕರೆಸಿಕೊಂಡವನು ನನ್ನ ದೊಡ್ಡಮ್ಮನ ಮಗ. ಸ್ಟೋರ್‌ಕೀಪರ್ ಎಂದು ಹೇಳಿದ್ದ ಕೆಲಸ ಇಲ್ಲಿಳಿದ ಮೇಲೆ ಗೋದಾಮಿನಲ್ಲಿ ಮೂಟೆ ಹೊರುವುದಾಯಿತು, ಸಂಬಳ ಮಾತಾಡಿದ್ದಕ್ಕಿಂತ ಕಡಿಮೆ. ನಡುವೆ ಅವನ ಕೈಗೂ ಏನೋ ಸಂದಿತ್ತೆಂದು ಬೇರೆಯವರಿಂದ ಗೊತ್ತಾಯಿತು. ಊರಿನಲ್ಲಾಗಿದ್ದರೆ ಮುಂದೇನಾಗುತ್ತಿತ್ತೆಂದು ನಿನಗೆ ಗೊತ್ತು. ನಮ್ಮ ಕಡೆ ಮುನಿಸನ್ನು ಹೆಚ್ಚು ದಿನ ಇಟ್ಟುಕೊಳ್ಳಲು ಊರು ಬಿಡುವುದಿಲ್ಲ. ಕ್ರಿಸ್ಮಸ್ಸಿಗೆ ಮಾತು ಬಿಟ್ಟ ಮನೆಗೂ ತಿಂಡಿಯ ತಟ್ಟೆ ಹೋಗಲೇಬೇಕು, ಆ ತಟ್ಟೆ ಖಾಲಿಯಾಗಿ ಹಿಂದೆ ಬರುವಂತಿಲ್ಲ. ಸಾವಿನ ಮನೆಯಲ್ಲಿ ಪೆಟ್ಟಿಗೆಗೆ ಹೆಗಲು ಕೊಡುವಾಗ ಪಕ್ಕದ ಹೆಗಲು ಯಾರದೆಂದು ನೋಡುವವರಿಲ್ಲ. ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹಿಂದಿನ ದಿನ ಪಾದ್ರಿ ಅಯ್ಯನವರು ಸುಮ್ಮನೆ ಬಂದವರಂತೆ ಚಾವಡಿಯಲ್ಲಿ ಕುಳಿತು ಚಹಾ ಕುಡಿದು ಮಾತು ಬಿಟ್ಟ ಮನೆಯವರ ವಿಚಾರ ತೆಗೆಯುತ್ತಿದ್ದರು. ನಮ್ಮ ಕ್ಷಮೆಯ ಅರ್ಧ ಕೆಲಸವನ್ನು ಹೀಗೆ ಬೇರೆಯವರೇ ಮಾಡಿಕೊಡುತ್ತಿದ್ದರು.

ಇಲ್ಲಿ ಅಂಥವರು ಯಾರೂ ಇಲ್ಲ. ದೊಡ್ಡಮ್ಮನ ಮಗ ಅಬುಧಾಬಿಗೆ ಹೋದ, ನಾನು ದುಬೈಗೆ ಬಂದೆ. ಅವನ ರಜೆ ಏಪ್ರಿಲ್‌ನಲ್ಲಾದರೆ ನನ್ನದು ಆಗಸ್ಟ್. ಪರದೇಶದಲ್ಲಿ ಒಬ್ಬ ಮನುಷ್ಯನನ್ನು ಜೀವನದಿಂದ ತೆಗೆದುಹಾಕಲು ಜಗಳವೂ ಬೇಕಿಲ್ಲ, ಫೋನ್ ಮಾಡದಿದ್ದರೆ ಸಾಕು. ಕಹಿಯು ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿಯಂತೆ ಕೆಡದೆ ಉಳಿಯುತ್ತದೆ. ದೊಡ್ಡಮ್ಮ ತೀರಿಕೊಂಡಾಗ ನಾವಿಬ್ಬರೂ ಇಲ್ಲೇ ಇದ್ದೆವು, ಇಬ್ಬರಿಗೂ ರಜೆ ಸಿಗಲಿಲ್ಲ. ಆ ರಾತ್ರಿ ನಾನೇ ಫೋನ್ ಮಾಡಿದೆ. ಹಣದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಲ್ಲಿಂದ ಮುಂದೆ ಚೆನ್ನಾಗಿಯೇ ಇದ್ದೇವೆ. ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅವನ ಮನೆಯಲ್ಲೇ ಕೋರಿರೊಟ್ಟಿ ಊಟ.

ಆದರೆ ಆ ಫೋನ್ ಮಾಡುವಷ್ಟರಲ್ಲಿ ಮಕ್ಕಳು ಬೆಳೆದುಬಿಟ್ಟಿದ್ದರು. ಶೇಖ್ ಜಾಯೆದ್ ರಸ್ತೆ ಹಿಡಿದರೆ ಒಂದೂವರೆ ಗಂಟೆಯ ದಾರಿ, ಅಷ್ಟು ಹತ್ತಿರವಿದ್ದು ಅವನ ಮಗನೂ ನನ್ನ ಮಗಳೂ ಒಂದು ಕ್ರಿಸ್ಮಸ್ಸಿಗೂ ಒಟ್ಟಿಗೆ ಆಡಲಿಲ್ಲ. ಈಗ ಅವನು ಆಸ್ಟ್ರೇಲಿಯಾದಲ್ಲಿ, ಇವಳು ಕೆನಡಾದಲ್ಲಿ. ಎದುರೆದುರು ಬಂದರೂ ಗುರುತು ಸಿಗದು. ಹೋದ ಸಂಬಳವನ್ನು ಓವರ್‌ಟೈಮ್ ಮಾಡಿ ತುಂಬಿಕೊಂಡೆ. ಇದನ್ನು ತುಂಬಿಕೊಳ್ಳುವ ಬಗೆ ಗೊತ್ತಿಲ್ಲ; ಮಗಳಿಗೆ ಹೇಳಿದರೆ ಅವಳಿಗೆ ಅರ್ಥವೂ ಆಗುವುದಿಲ್ಲ, ನೆಂಟರು ಎಂದರೆ ಅವಳಿಗೆ ಫೋಟೋದಲ್ಲಿರುವವರು.

ಹಾಗಾಗಿ ಕ್ಷಮಿಸಬೇಕು ಎಂದೇ ಹೇಳುತ್ತೇನೆ, ಅವನು ಕೇಳಿಕೊಂಡರೂ ಸರಿ, ಕೇಳಿಕೊಳ್ಳದಿದ್ದರೂ ಸರಿ. ಅವನ ಜೊತೆ ರೂಮ್ ಹಂಚಿಕೊಳ್ಳಬೇಕಿಲ್ಲ, ಇನ್ನೊಮ್ಮೆ ಹಣ ಕೊಡಬೇಕಾಗಿಯೂ ಇಲ್ಲ. ಆದರೆ ಅವನು ಬರುತ್ತಾನೆಂದು ಆರಾಧನೆ ತಪ್ಪಿಸಬೇಡ, ಅವನ ತಂದೆತಾಯಿಯ ಜೊತೆ ಊರಿನಲ್ಲಿ ನಿನ್ನ ಮನೆಯವರು ಮಾತು ಬಿಡದಂತೆ ನೋಡಿಕೋ. ಅಮ್ಮನಿಗೆ ಇದನ್ನು ಬರೆದಿದ್ದೀಯೋ ಇಲ್ಲವೋ ತಿಳಿಸು, ಅವಳ ಸ್ವಭಾವ ನನಗೆ ಗೊತ್ತು.

ಮೊದಲು ಅವನ ಹತ್ತಿರ ಒಬ್ಬನೇ ಹೋಗಿ ಮಾತನಾಡು, ಸೈಟಿನಲ್ಲಿ ಬೇಡ, ನಾಲ್ಕು ಜನರ ಎದುರಿಗೂ ಬೇಡ. ಆಗದಿದ್ದರೆ ಎರಡನೆಯವನಾಗಿ ನಾನು ಬರುತ್ತೇನೆ. ಶುಕ್ರವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವು. ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ಚೀಟಿಯೋ ವಾಟ್ಸಾಪ್ ಸಂದೇಶವೋ ಏನಿದೆಯೋ ಅದನ್ನೆಲ್ಲ ಜೋಪಾನವಾಗಿ ಇಟ್ಟುಕೋ, ಬರುವಾಗ ತಾ.