ಯೇಸುವಿನ ಶಿಷ್ಯನಾಗಬೇಕಾದರೆ ಬಡ್ತಿ ಬೇಡ ಅನ್ನಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಂಗಳೂರಿನಲ್ಲಿ ಐಟಿ ಕೆಲಸ, ಮ್ಯಾನೇಜರ್ ಹುದ್ದೆ ಬಾಗಿಲಿಗೆ ಬಂದು ನಿಂತಿದೆ. ನಿಮ್ಮ ಪ್ರಾರ್ಥನಾ ಕೂಟದ ಹಿರಿಯರೊಬ್ಬರು "ಶಿಷ್ಯನಿಗೆ ಕೊನೆಯ ಜಾಗವೇ ಸರಿ, ಲೋಕದ ಆಸೆ ಬಿಡು, ಬೇಡ ಅನ್ನು" ಅಂದಿದ್ದಾರೆ. ಬೇಡ ಅಂದರೆ ಅದು ದೀನತೆಯಾಗುತ್ತದೆಯೇ ಅಂತ ಕೇಳಿದ್ದೀರಿ.

ನಾನು ಗುರುವೂ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಮಂಗಳೂರು ಕಡೆಯ ಕಥೊಲಿಕ, ಬ್ಯಾಂಕಿನಿಂದ ನಿವೃತ್ತನಾದವನು. ಆದರೆ "ಬೇಡ" ಅನ್ನುವುದರಲ್ಲಿ ನನಗೆ ಅನುಭವವಿದೆ.

ನಮ್ಮ ಚರ್ಚಿನ ಪಾಲನಾ ಮಂಡಳಿಯ ಉಪಾಧ್ಯಕ್ಷ ಸ್ಥಾನಕ್ಕೆ ಒಂದು ವರ್ಷ ನನ್ನ ಹೆಸರು ಬಂತು. ನಾನು ಎದ್ದು ನಿಂತು, ಕೈ ಮುಗಿದು, "ನನಗೆ ಆ ಯೋಗ್ಯತೆ ಇಲ್ಲ, ಬೇರೆ ಯಾರನ್ನಾದರೂ ಮಾಡಿ" ಅಂದೆ. ಕೂತೆ. ಎರಡನೇ ಸಲ ಒತ್ತಾಯ ಬರುತ್ತದೆ ಅಂತ ಕಾದೆ. ಬರಲಿಲ್ಲ. ವಾರ್ಡಿನ ಮುಖಂಡರಾದ ಗುರ್ಕಾರರು "ಹಾಗಾದರೆ ಸರಿ" ಅಂತ ಪಕ್ಕದವರ ಹೆಸರು ಬರೆದುಕೊಂಡರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹೆಂಡತಿ ಬಡಿಸುತ್ತಾ ಕೇಳಿದಳು: "ಬೇಡ ಅಂದದ್ದು ನೀವೇ ಅಲ್ವಾ?" ಲೂಕ 14ರಲ್ಲಿ ಯೇಸು ಹೇಳಿದ್ದು ಗೊತ್ತಲ್ಲ, ಔತಣಕ್ಕೆ ಹೋದರೆ ಕೊನೆಯ ಜಾಗದಲ್ಲಿ ಕೂತುಕೋ, ಕರೆದವನೇ ಬಂದು ಮೇಲಕ್ಕೆ ಕೂರಿಸಬಹುದು ಅಂತ. ನಾನು ಅದರ ಮೊದಲ ಅರ್ಧವನ್ನು ಮಾಡಿದ್ದು ಎರಡನೇ ಅರ್ಧದ ಆಸೆಗೆ.

ಹಾಗಾಗಿ ಹಿರಿಯರ ಮಾತನ್ನು ಪೂರ್ತಿ ಒಪ್ಪಲೂ ಆಗುತ್ತಿಲ್ಲ, ತಳ್ಳಿಹಾಕಲೂ ಆಗುತ್ತಿಲ್ಲ. ಮಾರ್ಕ 10 ತೆಗೆದು ನೋಡಿ. ಜೆಬೆದಾಯನ ಮಕ್ಕಳು ಯಾಕೋಬ, ಯೋಹಾನ ಬಂದು, ನಿನ್ನ ಮಹಿಮೆಯಲ್ಲಿ ಒಬ್ಬನಿಗೆ ಬಲಗಡೆ, ಒಬ್ಬನಿಗೆ ಎಡಗಡೆ ಜಾಗ ಕೊಡು ಅಂತ ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಯಾಕೆ ಬಂತು? ಅವರ ಕಣ್ಣೂ ಅದೇ ಕುರ್ಚಿಯ ಮೇಲಿತ್ತು ಅಂತ ನನ್ನ ಗುಮಾನಿ. ಆಗ ಯೇಸು "ದೊಡ್ಡವನಾಗಬೇಕು ಅನ್ನುವ ಆಸೆಯನ್ನೇ ಬಿಡಿ" ಅನ್ನುವುದಿಲ್ಲ. ನಿಮ್ಮಲ್ಲಿ ದೊಡ್ಡವನಾಗಬೇಕು ಅನ್ನುವವನು ನಿಮ್ಮ ಸೇವಕನಾಗಲಿ ಅನ್ನುತ್ತಾನೆ. ಅದೇ ಮಾರ್ಕನ 15ನೇ ಅಧ್ಯಾಯಕ್ಕೆ ಬಂದರೆ ಬಲಗಡೆ ಒಬ್ಬ, ಎಡಗಡೆ ಒಬ್ಬ ಇದ್ದಾರೆ. ಶಿಲುಬೆಯ ಮೇಲೆ, ಇಬ್ಬರೂ ಕಳ್ಳರು.

ಕೊನೆಯ ಜಾಗವನ್ನೇ ಬೆನ್ನಟ್ಟಿ ಹೋದ ಒಬ್ಬರ ಕಥೆ ನಿಮಗೆ ಉಪಯೋಗವಾದೀತು. ಶಾರ್ಲ್ ದ ಫೂಕೋ. 1858ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದ ಶ್ರೀಮಂತ ಮನೆತನದ ಹುಡುಗ, ಫ್ರೆಂಚ್ ಸೇನೆಯ ಅಧಿಕಾರಿ. 1883-84ರಲ್ಲಿ ಯಹೂದಿ ವೇಷ ಹಾಕಿಕೊಂಡು ಮೊರಾಕೊ ಸುತ್ತಿ ಬಂದದ್ದಕ್ಕೆ ಪ್ಯಾರಿಸ್ಸಿನ ಭೂಗೋಳ ಸಂಘ ಚಿನ್ನದ ಪದಕ ಕೊಟ್ಟಿತು. 1886ರಲ್ಲಿ ಕಳೆದುಹೋಗಿದ್ದ ನಂಬಿಕೆ ಮರಳಿತು. ಮುಂದೆ ಟ್ರಾಪಿಸ್ಟ್ ಅನ್ನುವ ಕಟ್ಟುನಿಟ್ಟಿನ ಕಥೊಲಿಕ ಮಠದಲ್ಲಿ ಸನ್ಯಾಸಿಯಾದರು. ಅಲ್ಲಿಯ ಬಡತನ ಸಾಲದು ಅನಿಸಿ, ಅದನ್ನೂ ಬಿಟ್ಟು ನಜರೇತಿನ ಒಂದು ಕನ್ಯಾಮಠದಲ್ಲಿ ಆಳಾಗಿ ಸೇರಿ, ಸಾಮಾನು ಇಡುವ ಗುಡಿಸಲಿನಲ್ಲಿ ಮಲಗಿದರು. ಆದರೆ ಅಲ್ಲಿಯೂ ಅವರು ಮಾಡುತ್ತಿದ್ದದ್ದೇನು ಗೊತ್ತೇ? ತಾನು ಮುಂದೆ ಕಟ್ಟಲಿರುವ ಸನ್ಯಾಸಿ ಸಂಘಕ್ಕೆ ನಿಯಮಾವಳಿ ಬರೆಯುತ್ತಿದ್ದರು! ಆ ಸಂಘಕ್ಕೆ ಅವರ ಜೀವಮಾನದಲ್ಲಿ ಜನ ಸೇರಲೇ ಇಲ್ಲ. ಸಹಾರಾಕ್ಕೆ ಜೊತೆಗೆ ಬಂದ ಒಬ್ಬನೂ ಕೆಲವೇ ತಿಂಗಳಲ್ಲಿ ವಾಪಸಾದ. ಆಸೆ ಬಟ್ಟೆ ಬದಲಿಸಿಕೊಂಡು ಹಿಂದೆಯೇ ಬರುತ್ತದೆ, ಸಂತರನ್ನೂ ಬಿಡುವುದಿಲ್ಲ.

1905ರಲ್ಲಿ ಅವರು ಅಲ್ಜೀರಿಯಾದ ದಕ್ಷಿಣಕ್ಕೆ, ಸಹಾರಾದ ತುವಾರೆಗ್ ಬುಡಕಟ್ಟಿನ ಜನರ ನಡುವೆ, ತಮನ್‌ರಾಸೆಟ್‌ಗೆ ಹೋದರು. ಔಷಧ, ಧಾನ್ಯ, ಇದ್ದದ್ದನ್ನೆಲ್ಲ ಕೊಡುವವರು ಅವರೇ. 1908ರ ಆರಂಭದಲ್ಲಿ ಭೀಕರ ಬರ. ಅವರು ಹಾಸಿಗೆ ಹಿಡಿದರು, ಏಳಲಾರದ ಸ್ಥಿತಿ. ಆಗ ಆ ಬಡ ತುವಾರೆಗರು ಸುತ್ತಲಿನ ನಾಲ್ಕು ಕಿಲೋಮೀಟರಿನೊಳಗೆ ಒಂದಿಷ್ಟಾದರೂ ಹಾಲಿದ್ದ ಮೇಕೆಗಳನ್ನೆಲ್ಲ ಹುಡುಕಿ, ಹಾಲು ಕರೆದು ತಂದು ಕುಡಿಸಿದರು. ಅವರ ಮಕ್ಕಳಿಗೇ ಸಾಲದ ಹಾಲು. ಫೂಕೋ ಉಳಿದದ್ದು ಅದರಿಂದ. ಸೇನೆ ಬಿಟ್ಟು, ಪದಕ ಬಿಟ್ಟು, ಮಠವನ್ನೂ ಬಿಟ್ಟು ಕೆಳಗಿಳಿದದ್ದೆಲ್ಲ ಅವರೇ ಆರಿಸಿಕೊಂಡದ್ದು. ಈ ಹಾಲು ಮಾತ್ರ ಆರಿಸಿಕೊಂಡದ್ದಲ್ಲ, ಬಾಯಿ ತೆರೆದು ಕುಡಿಯಬೇಕಾಗಿ ಬಂದದ್ದು. ಅವರು ನಿಜವಾಗಿ ಕೊನೆಯ ಜಾಗ ಮುಟ್ಟಿದ್ದು ನಜರೇತಿನ ಆ ಗುಡಿಸಲಿನಲ್ಲಲ್ಲ, ಇಲ್ಲಿ ಅಂತ ನನಗನಿಸುತ್ತದೆ.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ನಮಗೆ ಕಿಟ್ಟೆಲ್ ಇದ್ದ ಹಾಗೆ ತುವಾರೆಗರಿಗೆ ಫೂಕೋ: ಅವರ ಭಾಷೆಗೆ ದೊಡ್ಡ ನಿಘಂಟು ಮಾಡಿದರು, ನೂರಾರು ಕವಿತೆ ಸಂಗ್ರಹಿಸಿದರು. 1916ರ ಡಿಸೆಂಬರ್ 1ರಂದು ಗುಂಡೇಟಿಗೆ ಸಾಯುವ ಕೆಲವೇ ದಿನ ಮುಂಚಿನವರೆಗೂ ಆ ಕವಿತೆಗಳ ಪ್ರತಿ ಮಾಡುತ್ತಿದ್ದರು. ಆದರೆ ಈ ಭಾಷಾ ಕೆಲಸ ತನ್ನ ಹೆಸರಿನಲ್ಲಿ ಬೇಡ, ತೀರಿಹೋದ ಗೆಳೆಯ ಮೊತಿಲಿನ್ಸ್‌ಕಿಯ ಹೆಸರಿನಲ್ಲಿ ಬರಲಿ ಅಂತ ಪಟ್ಟು ಹಿಡಿದಿದ್ದರು. ಬಿಟ್ಟದ್ದು ಹೆಸರನ್ನು, ಕೆಲಸವನ್ನಲ್ಲ. (ಅವರನ್ನು ಪೂರ್ತಿ ದೇವರನ್ನಾಗಿ ಮಾಡಬೇಡಿ. ಫ್ರೆಂಚ್ ವಸಾಹತು ಆಡಳಿತವನ್ನು ನಂಬಿದ್ದವರು, ಸೇನಾಧಿಕಾರಿಗಳ ಸ್ನೇಹ ಕೊನೆಯವರೆಗೂ ಇತ್ತು. 2022ರ ಮೇ 15ರಂದು ನಮ್ಮ ಕನ್ಯಾಕುಮಾರಿ ಕಡೆಯ ದೇವಸಹಾಯಂ ಅವರ ಜೊತೆಗೇ ಸಂತ ಪದವಿ ಸಿಕ್ಕಿತು, ಅದು ಬೇರೆ ಮಾತು.)

ಹೀಗೆ ಇನ್ನೊಬ್ಬರಿಂದ ಪಡೆಯುವ ದೀನತೆ ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು ಒಂದು ಪವಿತ್ರ ಗುರುವಾರ, ಅಂದರೆ ಶುಭ ಶುಕ್ರವಾರದ ಹಿಂದಿನ ದಿನ. ಯೇಸು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಫಾದರ್ ಕಾಲು ತೊಳೆಯುವ ಹನ್ನೆರಡು ಜನರಲ್ಲಿ ನಾನೂ ಒಬ್ಬ. ಮನೆಯಲ್ಲೇ ಹಿಮ್ಮಡಿಯನ್ನು ಸೋಪು ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಉಗುರು ಕತ್ತರಿಸಿ, ಹೊಸ ಕಾಲುಚೀಲ ಹಾಕಿಕೊಂಡು ಹೋದೆ. ಪಕ್ಕದಲ್ಲಿ ಕೂತಿದ್ದವರು ತೋಟದ ಕೆಲಸದವರು. ಅವರ ಹಿಮ್ಮಡಿಯ ಬಿರುಕಿನಲ್ಲಿ ಕೆಮ್ಮಣ್ಣು ಹಾಗೇ ಇತ್ತು, ಫಾದರ್ ಹಿಡಿದಿದ್ದ ಬೋಗುಣಿಯ ನೀರು ಕೆಂಪಾಯಿತು. ನನ್ನ ಕಾಲಿನಲ್ಲಿ ತೊಳೆಯುವುದಕ್ಕೆ ಏನೂ ಇರಲಿಲ್ಲ. ಶಿಷ್ಯ ಪೇತ್ರ ಯೇಸುವಿಗೆ "ನೀನು ನನ್ನ ಕಾಲು ತೊಳೆಯಕೂಡದು" ಅಂದದ್ದು ವಿನಯ ಅಂತಲೇ ಅಲ್ಲಿಯವರೆಗೆ ತಿಳಿದಿದ್ದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ಹುದ್ದೆಯಿಂದ ನಿಮ್ಮ ಕೈಕೆಳಗೆ ಬರುವ ಐದಾರು ಜನರಿಗೆ ನೀವು ಒಳ್ಳೆಯದು ಮಾಡಬಲ್ಲಿರಾದರೆ ಒಪ್ಪಿಕೊಳ್ಳಿ. ಮನೆ, ಆರೋಗ್ಯ, ಸುಳ್ಳು ಲೆಕ್ಕ ತೋರಿಸಬೇಕಾದ ಒತ್ತಡ ಹೀಗೆ ನಿಜವಾದ ಕಾರಣ ಇದ್ದರೆ ಬೇಡ ಅನ್ನಿ. ಬೇಡ ಅಂದದ್ದನ್ನು ಕೂಟದಲ್ಲಿ ಸಾಕ್ಷಿ ಹೇಳುವುದಕ್ಕಾಗಿ ಮಾತ್ರ ಬೇಡ ಅನ್ನಬೇಡಿ. ಆ ಹಿರಿಯರು ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಅವರನ್ನೂ ಕೇಳಿ, ಅವರು ಯಾವ ಕುರ್ಚಿ ಬಿಟ್ಟರು, ಬಿಟ್ಟ ಮೇಲೆ ನಿದ್ದೆ ಬಂತೇ ಅಂತ. ಉತ್ತರ ಪ್ರಾಮಾಣಿಕವಾಗಿದ್ದರೆ ನನ್ನ ಉತ್ತರಕ್ಕಿಂತ ಅದೇ ಮೇಲು.

ಒಪ್ಪಿಕೊಂಡರೆ ಒಂದು ಕೆಲಸ ಮಾಡಿ ನೋಡಿ. ಮೊದಲ ದೊಡ್ಡ ಪ್ರಾಜೆಕ್ಟ್ ಮುಗಿದಾಗ, ಮೇಲಿನವರಿಗೆ ಹೋಗುವ ಮೇಲ್‌ನಲ್ಲಿ ರಾತ್ರಿ ಕೂತು ಕೆಲಸ ಮಾಡಿದ ಜೂನಿಯರ್‌ನ ಹೆಸರು ಹಾಕಿ, ನಿಮ್ಮದು ಬಿಡಿ. ಮಾಡಿದರೆ ಇಲ್ಲಿ ಬಂದು ನನಗೆ ಹೇಳಬೇಡಿ.