ವಿಜ್ಞಾನದಿಂದ ಮಾತ್ರ ಇಷ್ಟೊಂದು ಹೊಸ ತಿಳಿವಳಿಕೆ ಹೇಗೆ ಹುಟ್ಟುತ್ತದೆ?

ಜನ ಸಾವಿರಾರು ವರ್ಷದಿಂದ ಯೋಚನೆ ಮಾಡುತ್ತಲೇ ಇದ್ದಾರೆ, ಆದರೆ ಹೊಸ ವಿಷಯ ಕಂಡುಹಿಡಿಯುವುದರಲ್ಲಿ ವಿಜ್ಞಾನವೇ ಯಾಕೆ ಇಷ್ಟು ಮುಂದೆ ಅಂತ ಕೇಳಿದ್ದೀರಿ. ವಿಜ್ಞಾನಿಗಳಿಗೆ ನಮಗಿಂತ ಬುದ್ಧಿ ಜಾಸ್ತಿ ಅಂತ ನನಗೇನೂ ಅನ್ನಿಸುವುದಿಲ್ಲ. ಸಿಗದೇ ಹೋದದ್ದನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಗುಟ್ಟು ಇರುವುದು ಅಲ್ಲೇ.

ನಮ್ಮ ಕೋಲಾರದ ಕಡೆ ಬೋರ್ ಹಾಕಿಸುವ ಮುಂಚೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ಕಾಯಿ ಎದ್ದು ನಿಂತ ಕಡೆ ಕೊರೆಸಬೇಕು. ನೀರು ಬಿದ್ದರೆ ಅವರ ಹೆಸರು ಸುತ್ತಮುತ್ತಲ ಊರಿಗೆಲ್ಲ ಗೊತ್ತಾಗುತ್ತದೆ. ಬರೀ ಧೂಳು ಬಂದರೆ ‘ನಿಮ್ಮ ಅದೃಷ್ಟ ಸರಿ ಇಲ್ಲ ಬಿಡಿ’ ಅನ್ನುತ್ತಾರೆ. ಫೇಲ್ ಆದ ಬೋರ್‌ಗಳ ಲೆಕ್ಕ ಯಾರೂ ಇಟ್ಟಿರುವುದಿಲ್ಲ. (ಸಾಲ ಕೊಟ್ಟವರು ಇಟ್ಟಿರುತ್ತಾರೆ, ಅದು ಬೇರೆ ಮಾತು.) ಹಾಗಾಗಿ ನೂರು ಬೋರ್ ಕೊರೆದ ಮೇಲೂ ಆ ವಿದ್ಯೆ ಇದ್ದಲ್ಲೇ ಇರುತ್ತದೆ.

ಇದೇ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಯಲ್ಲಿ ಏನಾಯಿತು ನೋಡಿ. ಆಕಾಶದ ಕಡೆಯಿಂದ ಬರುವ ಮ್ಯೂಯಾನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರು ಅಳೆಯುತ್ತಿದ್ದರು. ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ. ಆ ಸೊನ್ನೆಯೇ ಅವರಿಗೆ ದಾರಿ ತೋರಿಸಿತು. ಮೇಲಿನಿಂದ ಬರುವ ಮ್ಯೂಯಾನ್‌ಗಳ ಗದ್ದಲ ಇಲ್ಲದ ಜಾಗ ಅಂದರೆ ನ್ಯೂಟ್ರಿನೊ ಎಂಬ ಇನ್ನೊಂದು ಕಣ ಹುಡುಕುವುದಕ್ಕೆ ಸರಿಯಾದ ಜಾಗ, ಅಲ್ವಾ?

ನ್ಯೂಟ್ರಿನೊ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ. ಅಪರೂಪಕ್ಕೆ ಬಂಡೆಗೆ ಬಡಿದು ಒಂದು ಮ್ಯೂಯಾನ್ ಹುಟ್ಟಿಸುತ್ತದೆ. ಅಷ್ಟು ಆಳಕ್ಕೆ ಮೇಲಿನಿಂದ ಹೇಗೋ ಇಳಿದು ಬಂದ ಮ್ಯೂಯಾನ್ ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತದೆ. ಅಡ್ಡಡ್ಡ ಬಂತು ಅಂದರೆ ಅದು ನ್ಯೂಟ್ರಿನೊ ಕೆಲಸವೇ. ಅದಕ್ಕೇ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಉಪಕರಣಗಳನ್ನು ಎದುರುಬದುರು ಗೋಡೆಗಳ ತರಹ ನಿಲ್ಲಿಸಿದರು. ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರೂ ಜೊತೆಗಿದ್ದರು. 1965ರಲ್ಲಿ ಸಿಕ್ಕೇ ಬಿಟ್ಟಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಬೇರೆ ತಂಡಕ್ಕೂ ಸಿಕ್ಕಿತು. ಯಾರೋ ದೊಡ್ಡವರು ಹೇಳಿದರು ಅಂತ ಸುಮ್ನೆ ನಂಬುವ ಪ್ರಶ್ನೆಯೇ ಬರಲಿಲ್ಲ.

ಮುಂದಿನದು ನನಗೆ ಇನ್ನೂ ಇಷ್ಟ. ಪರಮಾಣುವಿನ ಒಳಗಿರುವ ಪ್ರೋಟಾನ್ ಎಂಬ ಕಣ ತಾನಾಗಿಯೇ ಒಡೆಯುತ್ತದಾ ಅಂತ ನೋಡಲು 1980ರ ದಶಕದಲ್ಲಿ ಅದೇ ಗಣಿಯಲ್ಲಿ ಕಬ್ಬಿಣದ ತಟ್ಟೆಗಳನ್ನು ಪೇರಿಸಿ ಕಾದರು. ಒಡೆದ ಹಾಗೆ ಕಾಣುವ ಕೆಲವು ಗುರುತು ಸಿಕ್ಕಿವೆ ಅಂತ ಪ್ರಕಟಿಸಿಯೂ ಬಿಟ್ಟರು. ಜಪಾನಿನ ಕಮಿಯೊಕಾದವರು, ಅಮೆರಿಕದವರು ಇನ್ನೂ ದೊಡ್ಡ ನೀರಿನ ಟ್ಯಾಂಕ್ ಕಟ್ಟಿ ನೋಡಿದರು. ಕಾಣಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆಯುತ್ತದೆ ಅಂತ ಯಾರೂ ಒಪ್ಪಿಲ್ಲ. ನಮ್ಮ ಕೆಜಿಎಫ್ ಅಂತ ನನಗೆಷ್ಟೇ ಅಭಿಮಾನ ಇದ್ದರೂ, ಒಪ್ಪದೇ ಇದ್ದದ್ದು ಸರಿ.

ಆ ಟ್ಯಾಂಕ್‌ಗಳೇನೂ ದಂಡ ಆಗಲಿಲ್ಲ ಬಿಡಿ. 1987ರಲ್ಲಿ ದೂರದ ನಕ್ಷತ್ರವೊಂದು ಸಿಡಿದಾಗ ಹೊರಟ ನ್ಯೂಟ್ರಿನೊಗಳನ್ನು ಹಿಡಿದದ್ದು ಅವೇ.